ಸಿಡಿ4 ಎಣಿಕೆ ಎಲ್ಲಿಂದ ಬಂತು: ಏಡ್ಸ್‌ನ ಮೊದಲ ವರ್ಷಗಳಲ್ಲಿ ಗೇ ಪುರುಷರ ರಕ್ತ ಹೇಳಿದ್ದು

ಎಲ್ಲರಿಗೂ ನಮಸ್ಕಾರ.

ನಮ್ಮ ಯಾವ ಜಿಲ್ಲಾಸ್ಪತ್ರೆಯ ಎಆರ್‌ಟಿ ಕೇಂದ್ರಕ್ಕೆ, ಅಂದರೆ ಎಚ್‌ಐವಿ ಚಿಕಿತ್ಸೆಯ ಕೇಂದ್ರಕ್ಕೆ, ಹೋದರೂ ಬೆಂಚಿನ ಮೇಲೆ ಕೂತವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದಿದೆ: "ನಿಮ್ಮ ಸಿಡಿ4 ಎಷ್ಟು ಬಂತು?" ಸಿಡಿ4 ಎಂದರೆ ರೋಗನಿರೋಧಕ ಶಕ್ತಿಗೆ ಬೇಕಾದ ಒಂದು ಬಗೆಯ ಬಿಳಿಕಣ, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅದು ಎಷ್ಟಿದೆ ಎಂಬುದೇ ಆ ಸಂಖ್ಯೆ. ಓದು ಬರಹ ಬಾರದವರಿಗೂ ಅದರ ಅರ್ಥ ಗೊತ್ತು. 200ರ ಕೆಳಗಿಳಿದರೆ ಆತಂಕ, 500 ದಾಟಿದರೆ ನೆಮ್ಮದಿ. ಆ ಸಂಖ್ಯೆಗೆ ಈ ಅರ್ಥ ಬಂದದ್ದು ಬಹುಪಾಲು 1981ರಿಂದ 1996ರವರೆಗೆ ಅಮೆರಿಕದ ಕೆಲವು ನಗರಗಳ ಗೇ ಪುರುಷರು ಕೊಟ್ಟ ರಕ್ತದಿಂದ. ಅದರಲ್ಲಿ ಏನನ್ನು ಅಳೆದರು, ಅಳತೆ ಎಲ್ಲಿ ದಾರಿ ತಪ್ಪಿಸಿತು, ಆಮೇಲೆ ಹೇಗೆ ಸರಿಹೋಯಿತು ಎಂಬುದು ಇವತ್ತಿನ ವಿಷಯ.

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ತನ್ನ ವಾರಪತ್ರದಲ್ಲಿ ಒಂದು ಸಣ್ಣ ವರದಿ ಹಾಕಿತು. ಲಾಸ್ ಏಂಜಲೀಸ್‌ನ ಮೂರು ಆಸ್ಪತ್ರೆಗಳಲ್ಲಿ ಐವರು ಯುವಕರಿಗೆ ನ್ಯುಮೋಸಿಸ್ಟಿಸ್ ಎಂಬ ನ್ಯುಮೋನಿಯಾ ಬಂದಿತ್ತು. ಐವರೂ ಗೇ. ವರದಿ ಅಚ್ಚಾಗುವ ಹೊತ್ತಿಗೆ ಇಬ್ಬರು ತೀರಿಕೊಂಡಿದ್ದರು. ಗಟ್ಟಿಮುಟ್ಟಾದ ದೇಹಕ್ಕೆ ಈ ನ್ಯುಮೋನಿಯಾ ಬರುವುದಿಲ್ಲ. ಕಿಡ್ನಿ ಕಸಿಯಾದವರು, ರಕ್ತ ಕ್ಯಾನ್ಸರ್‌ಗೆ ಔಷಧಿ ತೆಗೆದುಕೊಳ್ಳುವವರು, ತೀವ್ರ ಅಪೌಷ್ಟಿಕತೆಯ ಮಕ್ಕಳು, ಇಂಥವರಲ್ಲಿ ಮಾತ್ರ ಕಾಣುತ್ತಿತ್ತು. ಅದಕ್ಕೆ ಕೊಡುವ ಪೆಂಟಮಿಡಿನ್ ಔಷಧಿ ಆಗ ಅಮೆರಿಕದಲ್ಲಿ ಸಿಡಿಸಿಯಿಂದಲೇ ಹೋಗಬೇಕಿತ್ತು. ಬೇಡಿಕೆಯ ಚೀಟಿಗಳನ್ನು ನೋಡಿಕೊಳ್ಳುತ್ತಿದ್ದ ಸಾಂಡ್ರಾ ಫೋರ್ಡ್ ಅವರಿಗೆ, ಕಾರಣ ಬರೆಯದೆ ಯುವಕರಿಗಾಗಿ ಔಷಧಿ ಕೇಳುವ ಚೀಟಿಗಳು ಹೆಚ್ಚುತ್ತಿರುವುದು ಕಣ್ಣಿಗೆ ಬಿದ್ದಿತ್ತು. ಜುಲೈ 3ರ ವರದಿಯಲ್ಲಿ ಇನ್ನೊಂದು ಸುದ್ದಿ: ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ 26 ಗೇ ಪುರುಷರಿಗೆ ಕಪೋಸಿ ಸಾರ್ಕೋಮಾ ಎಂಬ ಅಪರೂಪದ ಚರ್ಮದ ಕ್ಯಾನ್ಸರ್.

ಲಾಸ್ ಏಂಜಲೀಸ್‌ನ ವೈದ್ಯ ಮೈಕೆಲ್ ಗಾಟ್ಲೀಬ್ ಮತ್ತು ಸಂಗಡಿಗರು ಅದೇ ವರ್ಷ ಡಿಸೆಂಬರ್ 10ರಂದು ನಾಲ್ವರು ರೋಗಿಗಳ ಪೂರ್ಣ ವಿವರ ಪ್ರಕಟಿಸಿದರು. ರೋಗಿಗಳ ರಕ್ತದಲ್ಲಿ ಒಂದು ಬಗೆಯ ಬಿಳಿಕಣ ಹೆಚ್ಚುಕಡಿಮೆ ಮಾಯವಾಗಿತ್ತು. ಟಿ ಲಿಂಫೋಸೈಟ್ ಎಂಬ ಬಿಳಿಕಣಗಳಲ್ಲಿ ಎರಡು ಮುಖ್ಯ ಬಗೆ. ಉಳಿದ ಕಣಗಳಿಗೆ ಕೆಲಸ ಹಚ್ಚುವ 'ಸಹಾಯಕ' ಕಣಗಳು ಒಂದು, ಸೋಂಕು ತಗುಲಿದ ಕಣಗಳನ್ನು ಕೊಲ್ಲುವ ಇನ್ನೊಂದು. ಈ ಎರಡನೆಯದನ್ನು ಆಗ 'ನಿಗ್ರಹಿಸುವ' ಕಣ ಎಂದು ಕರೆಯುತ್ತಿದ್ದರು. ಇವತ್ತಿನ ಭಾಷೆಯಲ್ಲಿ ಮೊದಲನೆಯದು ಸಿಡಿ4, ಎರಡನೆಯದು ಸಿಡಿ8. ಮಾಯವಾಗಿದ್ದದ್ದು ಸಿಡಿ4.

ಇಲ್ಲಿ ಸ್ವಲ್ಪ ನಿಂತು ನೋಡೋಣ. ಈ ಎರಡು ಬಗೆಯ ಕಣಗಳು ಸೂಕ್ಷ್ಮದರ್ಶಕದಲ್ಲಿ ತದ್ರೂಪು. ಅವುಗಳ ಮೈಮೇಲಿನ ಗುರುತನ್ನು ಹಿಡಿಯುವ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ಬೇಕು. ಒಂದೇ ಗುರುತಿಗೆ ಮಾತ್ರ ಅಂಟುವ ಮೊನೋಕ್ಲೋನಲ್ ಪ್ರತಿಕಾಯ ತಯಾರಿಸುವ ವಿಧಾನವನ್ನು ಕೋಲರ್ ಮತ್ತು ಮಿಲ್‌ಸ್ಟೀನ್ ತೋರಿಸಿದ್ದು 1975ರಲ್ಲಿ. ಸಹಾಯಕ ಕಣವನ್ನು ಹಿಡಿಯುವ ಓಕೆಟಿ4 ಬಂದದ್ದು 1979ರಲ್ಲಿ. ಅಂದರೆ ಈ ರೋಗ ಹತ್ತು ವರ್ಷ ಮೊದಲೇ ಬಂದಿದ್ದರೆ 'ಲಿಂಫೋಸೈಟ್ ಕಡಿಮೆ' ಎಂದು ಬರೆದಿಡುವುದರ ಆಚೆಗೆ ಹೋಗಲು ಯಾರಿಗೂ ಸಾಧ್ಯವಿರಲಿಲ್ಲ.

ಎಣಿಕೆ ನಡೆಯುತ್ತಿದ್ದದ್ದು ಹೀಗೆ. ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ರಕ್ತಕ್ಕೆ ಅಷ್ಟೇ ಪ್ರಮಾಣದ ಉಪ್ಪಿನ ದ್ರಾವಣ ಬೆರೆಸುತ್ತಾರೆ. ಅದನ್ನು ಫೈಕಾಲ್ ಎಂಬ ದಟ್ಟ ದ್ರವದ ಮೇಲೆ, ಎರಡೂ ಬೆರೆಯದ ಹಾಗೆ, ಕೊಳವೆಯ ಗೋಡೆಗುಂಟ ನಿಧಾನವಾಗಿ ಇಳಿಸುತ್ತಾರೆ. ಫೈಕಾಲ್‌ನ ಸಾಂದ್ರತೆ 1.077. ಗುರುತ್ವದ 400 ಪಟ್ಟು ಬಲದಲ್ಲಿ ಅರ್ಧ ಗಂಟೆ ತಿರುಗಿಸಿದರೆ ಕೆಂಪುಕಣಗಳು ತಳಕ್ಕೆ ಹೋಗಿ, ನಡುವೆ ಮಜ್ಜಿಗೆಯ ಮೇಲೆ ತೇಲುವ ಬೆಣ್ಣೆಯ ಎಳೆಯಷ್ಟು ತೆಳ್ಳಗಿನ ಬಿಳಿ ಉಂಗುರ ನಿಲ್ಲುತ್ತದೆ. ಲಿಂಫೋಸೈಟ್‌ಗಳು ಇರುವುದು ಅಲ್ಲಿ. ಯಂತ್ರಕ್ಕೆ ಬ್ರೇಕು ಹಾಕಿ ಗಕ್ಕನೆ ನಿಲ್ಲಿಸಿದರೆ ಉಂಗುರ ಕದಡಿಹೋಗುತ್ತದೆ; ತಾನಾಗಿ ನಿಲ್ಲಲು ಬಿಡಬೇಕು. ಉಂಗುರವನ್ನು ಪಿಪೆಟ್ಟಿನಿಂದ ಎಳೆದು, ಎರಡು ಸಲ ತೊಳೆದು, ಪ್ರತಿಕಾಯ ಹಾಕಿ ಮಂಜುಗಡ್ಡೆಯ ಮೇಲೆ ಅರ್ಧ ಗಂಟೆ ಇಡುತ್ತಾರೆ. ಅದರ ಮೇಲೆ ಹಸಿರಾಗಿ ಹೊಳೆಯುವ ಬಣ್ಣ ಕಟ್ಟಿದ ಎರಡನೇ ಪ್ರತಿಕಾಯ. ಮತ್ತೆ ತೊಳೆದು, ಹೊಳೆಯುವ ಕಣ ನೂರಕ್ಕೆ ಎಷ್ಟು ಎಂದು ಎಣಿಸುತ್ತಾರೆ. ಸೂಕ್ಷ್ಮದರ್ಶಕವಾದರೆ ಇನ್ನೂರು ಕಣ ಎಣಿಸುವಷ್ಟರಲ್ಲಿ ಕಣ್ಣು ಸೋಲುತ್ತದೆ. ಫ್ಲೋ ಸೈಟೋಮೀಟರ್ ಇದ್ದವರು ಸಾವಿರಾರು ಕಣಗಳನ್ನು ಲೇಸರ್ ಮುಂದೆ ಒಂದೊಂದಾಗಿ ಹಾಯಿಸಿ ನಿಮಿಷದಲ್ಲಿ ಮುಗಿಸುತ್ತಿದ್ದರು.

ತಪ್ಪಾಗಲು ಇಲ್ಲಿ ಹತ್ತು ಜಾಗಗಳಿವೆ. ರಕ್ತ ಕೆಡಬಾರದೆಂದು ಒಳ್ಳೆಯ ಮನಸ್ಸಿನಿಂದ ಫ್ರಿಜ್ಜಿನಲ್ಲಿಟ್ಟರೆ, ಬೇರ್ಪಡಿಸುವಾಗ ಟಿ ಕಣಗಳ ಒಂದು ಪಾಲು ಕಳೆದುಹೋಗುತ್ತದೆ, ಅದೂ ಎರಡೂ ಬಗೆ ಸಮನಾಗಿ ಅಲ್ಲ. ಕೋಣೆಯ ಉಷ್ಣತೆಯಲ್ಲೇ ಇಟ್ಟು ಒಂದು ದಿನದೊಳಗೆ ಮುಗಿಸಬೇಕು. ಮೊನೊಸೈಟ್ ಎಂಬ ಬೇರೆ ಜಾತಿಯ ಬಿಳಿಕಣದ ಮೈಮೇಲೂ ಸಿಡಿ4 ಗುರುತು ಮಂದವಾಗಿ ಇರುತ್ತದೆ. ಅದು ಲೆಕ್ಕದಲ್ಲಿ ನುಸುಳಿದರೆ ಸಂಖ್ಯೆ ಸುಳ್ಳೇ ಏರುತ್ತದೆ. ಸಿಡಿ4 ಬೆಳಗಿನ ಹೊತ್ತು ಕಡಿಮೆ, ರಾತ್ರಿಯ ಕಡೆಗೆ ಹೆಚ್ಚು. ಒಬ್ಬನೇ ಮನುಷ್ಯನ ರಕ್ತವನ್ನು ಒಮ್ಮೆ ಬೆಳಿಗ್ಗೆ, ಇನ್ನೊಮ್ಮೆ ಸಂಜೆ ತೆಗೆದರೆ ಏನೂ ಆಗದಿದ್ದರೂ ಏನೋ ಆದಂತೆ ಕಾಣುತ್ತದೆ.

ಇನ್ನೂ ದೊಡ್ಡ ಸಮಸ್ಯೆ ಬೇರೆಯೇ ಇತ್ತು. ಈ ವಿಧಾನ ಕೊಡುವುದು ಶೇಕಡಾವಾರು ಮಾತ್ರ. ನಿಜವಾದ ಸಂಖ್ಯೆ ಬೇಕಾದರೆ ಮೂರನ್ನು ಗುಣಿಸಬೇಕು: ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿಕಣ ಎಷ್ಟು, ಅದರಲ್ಲಿ ಲಿಂಫೋಸೈಟ್ ಶೇಕಡಾ ಎಷ್ಟು, ಅದರಲ್ಲಿ ಸಿಡಿ4 ಶೇಕಡಾ ಎಷ್ಟು. 6,000 ಬಿಳಿಕಣ, 30% ಲಿಂಫೋಸೈಟ್, 45% ಸಿಡಿ4 ಎಂದಾದರೆ 810. ಮೊದಲ ಎರಡು ಸಂಖ್ಯೆ ಬರುವುದು ಬೇರೆ ಲ್ಯಾಬಿನಿಂದ, ಬೇರೆ ಯಂತ್ರದಿಂದ. ಒಂದರಲ್ಲಿ ತಪ್ಪಾದರೂ ಗುಣಾಕಾರ ಅದನ್ನು ಕೊನೆಯವರೆಗೆ ಹೊತ್ತು ತರುತ್ತದೆ. ಹಾಗಾಗಿ ಬಹಳ ಲ್ಯಾಬುಗಳು ಸುಲಭದ ದಾರಿ ಹಿಡಿದವು: ಸಿಡಿ4 ಅನ್ನು ಸಿಡಿ8ರಿಂದ ಭಾಗಿಸಿ ಅನುಪಾತ ಬರೆದರು. ಆರೋಗ್ಯವಂತರಲ್ಲಿ ಈ ಅನುಪಾತ ಸಾಮಾನ್ಯವಾಗಿ ಒಂದೂವರೆಯಿಂದ ಎರಡರ ಸುತ್ತ ಇರುತ್ತದೆ. ಒಂದಕ್ಕಿಂತ ಕೆಳಗಿಳಿದರೆ 'ತಲೆಕೆಳಗಾಯಿತು' ಎನ್ನುತ್ತಿದ್ದರು.

1982–83ರಲ್ಲಿ ಸಂಶೋಧಕರು ರೋಗದ ಯಾವ ಲಕ್ಷಣವೂ ಇಲ್ಲದ ಗೇ ಪುರುಷರ ರಕ್ತ ಪರೀಕ್ಷಿಸತೊಡಗಿದರು. ಬಹಳ ಜನರಲ್ಲಿ ಅನುಪಾತ ತಲೆಕೆಳಗಾಗಿತ್ತು. ಪತ್ರಿಕೆಗಳು ಗಾಬರಿಯಿಂದ ಬರೆದವು. ನಗರದ ಗೇ ಪುರುಷರೆಲ್ಲರೂ ರೋಗದ ಅಂಚಿನಲ್ಲಿದ್ದಾರೆಯೇ? ಅಥವಾ ಅವರ ಬದುಕಿನ ರೀತಿಯೇ ರೋಗನಿರೋಧಕ ಶಕ್ತಿಯನ್ನು ತಿನ್ನುತ್ತಿದೆಯೇ?

ಮೂವರ ರಕ್ತ ಎದುರಿಗಿಟ್ಟುಕೊಳ್ಳೋಣ. ಮೊದಲನೆಯವನಿಗೆ ಸಿಡಿ4 800, ಸಿಡಿ8 400: ಅನುಪಾತ 2. ಎರಡನೆಯವನಿಗೆ ಸಿಡಿ4 800, ಸಿಡಿ8 1,000: ಅನುಪಾತ 0.8. ಮೂರನೆಯವನಿಗೆ ಸಿಡಿ4 240, ಸಿಡಿ8 300: ಅನುಪಾತ ಮತ್ತೆ 0.8. ಎರಡನೆಯವನು ಏನನ್ನೂ ಕಳೆದುಕೊಂಡಿಲ್ಲ, ಅವನಲ್ಲಿ ಸಿಡಿ8 ಹೆಚ್ಚಾಗಿದೆ ಅಷ್ಟೆ. ಮೂರನೆಯವನು ಸಿಡಿ4 ಬಹುಪಾಲು ಕಳೆದುಕೊಂಡು ಅಪಾಯದ ಅಂಚಿಗೆ ಬಂದಿದ್ದಾನೆ. ಅನುಪಾತ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು.

ಎರಡನೆಯವನಲ್ಲಿ ಸಿಡಿ8 ಏಕೆ ಏರಿತು? ಸೈಟೋಮೆಗಾಲೋವೈರಸ್ ಎಂಬ ಸಾಮಾನ್ಯ ವೈರಸ್ ಇದೆ, ಸಿಎಂವಿ. ಅದು ದೇಹ ಹೊಕ್ಕರೆ ಸಿಡಿ8 ಕಣಗಳು ಹೆಚ್ಚುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಾರೆನ್ಸ್ ಡ್ರೂ 1981ರಲ್ಲೇ ತೋರಿಸಿದ್ದರು: ಲೈಂಗಿಕ ರೋಗಗಳ ಕ್ಲಿನಿಕ್ಕಿಗೆ ಬರುವ ಗೇ ಪುರುಷರಲ್ಲಿ 94% ಮಂದಿಗೆ ಸೋಂಕು ತಗುಲಿದ್ದರ ಗುರುತಾದ ಸಿಎಂವಿ ಪ್ರತಿಕಾಯ ಇತ್ತು, ಅಲ್ಲಿಗೇ ಬರುವ ಇತರ ಪುರುಷರಲ್ಲಿ 54%. ಅಂದರೆ ಅನುಪಾತ ತಲೆಕೆಳಗಾಗಲು ಹೊಸ ರೋಗವೇ ಬೇಕಿರಲಿಲ್ಲ. ಎರಡು ಬೇರೆ ಬೇರೆ ಸಂಗತಿಗಳು ಒಂದೇ ಸಂಖ್ಯೆಯೊಳಗೆ ಅಡಗಿ ಕೂತಿದ್ದವು, ಬಿಡಿಸಲು ದಾರಿ ಇರಲಿಲ್ಲ.

ದಾರಿ ಇಲ್ಲದಾಗ ಊಹೆಗಳು ಬೆಳೆಯುತ್ತವೆ. ಎದೆನೋವಿನ ಔಷಧಿಯಾಗಿ ಬಂದ ಅಮೈಲ್ ನೈಟ್ರೈಟ್ ಮತ್ತು ಅದರ ಸೋದರರು 'ಪಾಪರ್ಸ್' ಎಂಬ ಹೆಸರಲ್ಲಿ ಸಣ್ಣ ಶೀಶೆಗಳಲ್ಲಿ ಮಾರಾಟವಾಗುತ್ತಿದ್ದವು, ಡ್ಯಾನ್ಸ್ ಕ್ಲಬ್ಬುಗಳಲ್ಲಿ ಮೂಸುತ್ತಿದ್ದರು. 1982ರ ಆರಂಭದಲ್ಲಿ ಜೇಮ್ಸ್ ಗೋಡರ್ಟ್ ಮತ್ತು ಸಂಗಡಿಗರು ಪಾಪರ್ಸ್ ಬಳಕೆಗೂ ಟಿ ಕಣಗಳ ಬದಲಾವಣೆಗೂ ನಂಟಿರಬಹುದು ಎಂದರು. ವೀರ್ಯವೇ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎಂದವರಿದ್ದರು. ಮೇಲಿಂದ ಮೇಲೆ ಸೋಂಕು ಬಂದು ದೇಹ ದಣಿದುಹೋಯಿತು ಎಂದವರೂ ಇದ್ದರು. ಇವೆಲ್ಲ ಮೂರ್ಖತನ ಎಂದು ಇವತ್ತು ತಳ್ಳಿಹಾಕುವುದು ನ್ಯಾಯವಲ್ಲ. ಪ್ರತಿಯೊಂದಕ್ಕೂ ಹಿಂದೆ ಒಂದು ನಿಜವಾದ ಅಂಕಿ ಇತ್ತು. ಕಾಗೆ ಕೂತದ್ದೂ ನಿಜ, ಕೊಂಬೆ ಮುರಿದದ್ದೂ ನಿಜ. ಒಂದರಿಂದ ಇನ್ನೊಂದು ಆಯಿತೇ ಎಂಬುದಷ್ಟೇ ಪ್ರಶ್ನೆ.

ಸಿಡಿಸಿ 1981ರ ಕೊನೆಯಲ್ಲಿ 50 ರೋಗಿಗಳನ್ನೂ ರೋಗವಿಲ್ಲದ 120 ಗೇ ಪುರುಷರನ್ನೂ ಕೂರಿಸಿ ಒಂದೇ ಪ್ರಶ್ನಾವಳಿ ಕೇಳಿತು. ಎರಡು ಗುಂಪಿಗೂ ಅತಿ ದೊಡ್ಡ ವ್ಯತ್ಯಾಸ ಕಂಡದ್ದು ಲೈಂಗಿಕ ಸಂಗಾತಿಗಳ ಸಂಖ್ಯೆಯಲ್ಲಿ. ವರ್ಷಕ್ಕೆ ರೋಗಿಗಳಲ್ಲಿ ಮಧ್ಯಮ ಸಂಖ್ಯೆ 61, ಹೋಲಿಕೆಯ ಗುಂಪುಗಳಲ್ಲಿ 25ರಿಂದ 27. ಪಾಪರ್ಸ್ ಬಳಕೆ ಇಬ್ಬರಲ್ಲೂ ಇತ್ತು. ಸಂಗಾತಿಗಳು ಹೆಚ್ಚಿದ್ದವರು ಕ್ಲಬ್ಬುಗಳಿಗೂ ಹೆಚ್ಚು ಹೋಗುತ್ತಿದ್ದರು, ಅಲ್ಲಿ ಪಾಪರ್ಸ್ ಇತ್ತು. ಹಾಗಾಗಿ ಪಾಪರ್ಸ್ ರೋಗದ ಜೊತೆಗೆ ಕಾಣಿಸಿಕೊಂಡಿತು.

ಈ 61 ಎಂಬ ಸಂಖ್ಯೆ ಹೊರಗೆ ಹೋದಾಗ ಜನ ಅದನ್ನು ನಡತೆಯ ಮೇಲಿನ ತೀರ್ಪಾಗಿ ಕೇಳಿಸಿಕೊಂಡರು. ನನಗೆ ಈ ಇಡೀ ಇತಿಹಾಸದಲ್ಲಿ ಅತಿ ನೋವಿನ ಜಾಗ ಅದು. ಸಂಖ್ಯೆ ಹೇಳಿದ್ದು ಇಷ್ಟೇ: ಯಾವುದೋ ಒಂದು ವಸ್ತು ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ, ಸಂಗಾತಿ ಹೆಚ್ಚಾದಷ್ಟೂ ಅದು ಎದುರಾಗುವ ಸಂದರ್ಭ ಹೆಚ್ಚು. ಊರಿನಲ್ಲಿ ನೂರಕ್ಕೆ ಒಬ್ಬನಲ್ಲಿ ಅದು ಇದ್ದಾಗ ಎದುರಾಗಲು ಬಹಳ ಸಂಗಾತಿಗಳು ಬೇಕು. ನೂರಕ್ಕೆ ಐವತ್ತು ಮಂದಿಯಲ್ಲಿ ಇದ್ದಾಗ ಒಬ್ಬನೇ ಸಾಕು. 1982ರ ಜುಲೈನಲ್ಲಿ ಮೂವರು ಹಿಮೋಫಿಲಿಯಾ ರೋಗಿಗಳಿಗೆ, ಡಿಸೆಂಬರ್‌ನಲ್ಲಿ ರಕ್ತ ಪಡೆದಿದ್ದ ಒಂದು ಕೂಸಿಗೆ ಇದೇ ಕಾಯಿಲೆ ಬಂತೆಂದು ವರದಿಯಾಯಿತು. ಬದುಕಿನ ರೀತಿಯನ್ನು ದೂರುವ ವಾದ ಅಲ್ಲಿಗೆ ನಿಲ್ಲಬೇಕಿತ್ತು. ಲ್ಯಾಬುಗಳಲ್ಲಿ ನಿಂತಿತು, ಬೀದಿಯಲ್ಲಿ ನಿಲ್ಲಲಿಲ್ಲ.

1983ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಪಾಸ್ಟರ್ ಸಂಸ್ಥೆಯ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲುಕ್ ಮೊಂತಾನಿಯೆ ಮತ್ತು ಸಂಗಡಿಗರು ಮುಂದೆ ಎಚ್‌ಐವಿ ಎಂದು ಹೆಸರಾದ ಹೊಸ ವೈರಸ್ ಒಂದನ್ನು ಪ್ರಕಟಿಸಿದರು. ದುಗ್ಧಗ್ರಂಥಿ ಊದಿದ್ದ ಒಬ್ಬ ಗೇ ಪುರುಷನ ಕುತ್ತಿಗೆಯಿಂದ ತೆಗೆದ ಗ್ರಂಥಿಯ ತುಣುಕಿನಿಂದ ಅದು ಸಿಕ್ಕಿತ್ತು. 1984ರ ಮೇ ತಿಂಗಳಲ್ಲಿ ರಾಬರ್ಟ್ ಗ್ಯಾಲೋ ತಂಡ ಅದೇ ರೋಗಕಾರಕವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ತೋರಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ, ವೈರಸ್ಸು ಬಿಳಿಕಣದೊಳಗೆ ಹೋಗುವ ಬಾಗಿಲೇ ಆ ಕಣದ ಮೈಮೇಲಿನ ಸಿಡಿ4 ಗುರುತು ಎಂದು ಲಂಡನ್ನಿನ ಮತ್ತು ಪ್ಯಾರಿಸ್ಸಿನ ತಂಡಗಳು ಬೇರೆ ಬೇರೆಯಾಗಿ ಹೇಳಿದವು. ಮಾಯವಾಗುತ್ತಿದ್ದ ಕಣಗಳೇ ಏಕೆ ಮಾಯವಾಗುತ್ತಿದ್ದವು ಎಂಬುದಕ್ಕೆ ಉತ್ತರ ಸಿಕ್ಕಿತು. 1985ರ ಮಾರ್ಚ್ 2ರಂದು, ಈ ವೈರಸ್ ವಿರುದ್ಧದ ಪ್ರತಿಕಾಯ ರಕ್ತದಲ್ಲಿದೆಯೇ ಎಂದು ನೋಡುವ ಎಲೈಸಾ ಪರೀಕ್ಷೆಗೆ ಪರವಾನಗಿ ದೊರೆಯಿತು.

ಆ ಮೊದಲ ಎಲೈಸಾದಲ್ಲೂ ಒಂದು ತೊಡಕಿತ್ತು. ಎಚ್9 ಎಂಬ ಮಾನವ ಕಣಗಳಲ್ಲಿ ವೈರಸ್ ಬೆಳೆಸಿ, ಒಡೆದು, ಆ ರಸವನ್ನು ಪ್ಲಾಸ್ಟಿಕ್ ತಟ್ಟೆಯ ಗುಳಿಗಳಿಗೆ ಬಳಿಯುತ್ತಿದ್ದರು. ರಸದಲ್ಲಿ ವೈರಸ್ಸಿನ ಜೊತೆಗೆ ಆ ಮಾನವ ಕಣದ ಚೂರುಗಳೂ ಇರುತ್ತಿದ್ದವು. ಹಲವು ಹೆರಿಗೆಯಾದ ಹೆಂಗಸರಲ್ಲಿ, ಪದೇ ಪದೇ ರಕ್ತ ಪಡೆದವರಲ್ಲಿ, ಬೇರೆ ಮನುಷ್ಯರ ಕಣಗಳ ವಿರುದ್ಧ ಪ್ರತಿಕಾಯಗಳು ಇರುವುದು ಸಹಜ. ಅವು ಗುಳಿಯಲ್ಲಿ ಅಂಟಿಕೊಂಡು ಸೋಂಕಿಲ್ಲದವರಿಗೂ ಬಣ್ಣ ಬರುತ್ತಿತ್ತು. ಅದಕ್ಕೇ ವೆಸ್ಟರ್ನ್ ಬ್ಲಾಟ್ ಎಂಬ ಎರಡನೇ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳಬೇಕಿತ್ತು.

ಪರೀಕ್ಷೆ ಕೈಗೆ ಬಂದ ಮೇಲೆ ಹಳೆಯ ಗೊಂದಲ ಬಿಡಿಸಿಕೊಂಡಿತು. ಅನುಪಾತ ತಲೆಕೆಳಗಾಗಿದ್ದ ಆರೋಗ್ಯವಂತರನ್ನು ಎರಡು ಸಾಲು ಮಾಡಿ ನಿಲ್ಲಿಸಿದಂತಾಯಿತು. ಪ್ರತಿಕಾಯ ಇಲ್ಲದವರಲ್ಲಿ ಸಿಡಿ4 ಇರಬೇಕಾದಷ್ಟೇ ಇತ್ತು, ಏರಿದ್ದು ಸಿಡಿ8. ಪ್ರತಿಕಾಯ ಇದ್ದವರಲ್ಲಿ ಸಿಡಿ4 ಕುಸಿಯುತ್ತಿತ್ತು. ಗೇ ಆಗಿರುವುದಕ್ಕೂ ಸಿಡಿ4 ಕುಸಿತಕ್ಕೂ ನಂಟಿರಲಿಲ್ಲ.

ಇನ್ನು ಹಳೆಯ ರಕ್ತದ ವಿಷಯ. ಹೆಪಟೈಟಿಸ್ ಬಿ ಬಗ್ಗೆ ತಿಳಿಯಲು 1978ರಿಂದ 1980ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ನಗರ ಕ್ಲಿನಿಕ್ಕಿನಲ್ಲಿ 6,875 ಗೇ ಪುರುಷರ ರಕ್ತ ತೆಗೆದಿದ್ದರು. ನ್ಯೂಯಾರ್ಕಿನಲ್ಲಿ ವೂಲ್ಫ್ ಶ್ಮುನೆಸ್ 1,083 ಗೇ ಪುರುಷರಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ಪರೀಕ್ಷಿಸಿ 1980ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಇವತ್ತು ನಮ್ಮ ಕೂಸುಗಳಿಗೆ ಹುಟ್ಟಿದ ದಿನವೇ ಹಾಕುವ ಹೆಪಟೈಟಿಸ್ ಬಿ ಲಸಿಕೆಗೆ ಅಡಿಪಾಯವಾದ ದೊಡ್ಡ ಪ್ರಯೋಗ ಅದು. ಸ್ಯಾನ್ ಫ್ರಾನ್ಸಿಸ್ಕೋದ ಸೀರಮ್, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿದ್ರವ, ಫ್ರೀಜರಿನಲ್ಲಿ ಉಳಿದಿತ್ತು. ಹೆರಾಲ್ಡ್ ಜಾಫಿ ಮತ್ತು ಸಂಗಡಿಗರು ಒಂದು ಮಾದರಿ ಗುಂಪಿನ ಹಳೆಯ ಸೀರಮ್ ಪರೀಕ್ಷಿಸಿದಾಗ 1978ರಲ್ಲಿ 4.5% ಮಂದಿಯಲ್ಲಿ ಎಚ್‌ಐವಿ ಪ್ರತಿಕಾಯ ಇತ್ತು. 1984ರಲ್ಲಿ 67.3%. 1981ರಲ್ಲಿ ಮೊದಲ ಐದು ಪ್ರಕರಣ ವರದಿಯಾಗುವ ಮೊದಲೇ ವೈರಸ್ ಸದ್ದಿಲ್ಲದೆ ಊರೆಲ್ಲ ಹರಡಿತ್ತು. ಕಾಯಿಲೆ ಬಿದ್ದವರನ್ನಷ್ಟೇ ಎಣಿಸುತ್ತಿದ್ದವರಿಗೆ ಇದು ಕಾಣುವಂತಿರಲಿಲ್ಲ.

ಹಾಗಾದರೆ ಕಾಯಿಲೆ ಬೀಳುವ ಮೊದಲೇ ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಬೇಕು. 1984ರ ಏಪ್ರಿಲ್‌ನಿಂದ 1985ರ ಮಾರ್ಚ್‌ವರೆಗೆ ಬಾಲ್ಟಿಮೋರ್–ವಾಷಿಂಗ್ಟನ್, ಶಿಕಾಗೋ, ಲಾಸ್ ಏಂಜಲೀಸ್, ಪಿಟ್ಸ್‌ಬರ್ಗ್‌ಗಳಲ್ಲಿ 4,954 ಪುರುಷರು ಸೇರಿದರು. ಮಲ್ಟಿಸೆಂಟರ್ ಏಡ್ಸ್ ಕೋಹಾರ್ಟ್ ಸ್ಟಡಿ, ಚಿಕ್ಕದಾಗಿ ಮ್ಯಾಕ್ಸ್. ಆರು ತಿಂಗಳಿಗೊಮ್ಮೆ ಬರಬೇಕು, ಲೈಂಗಿಕ ಬದುಕಿನ ವಿವರ ಹೇಳಬೇಕು, ವೈದ್ಯರು ಗ್ರಂಥಿ, ಬಾಯಿ, ಚರ್ಮ ನೋಡುತ್ತಾರೆ, ರಕ್ತ ತೆಗೆಯುತ್ತಾರೆ, ಒಂದಿಷ್ಟು ಪರೀಕ್ಷೆಗೆ, ಉಳಿದದ್ದು ಫ್ರೀಜರಿಗೆ. ಚಿಕಿತ್ಸೆ ಎಂಬುದೇ ಆಗ ಇರಲಿಲ್ಲ. ಹೆಸರು ಹೊರಬಿದ್ದರೆ ಕೆಲಸ ಹೋಗಬಹುದು, ವಿಮೆ ಹೋಗಬಹುದು, ಮನೆಯವರಿಗೆ ತಿಳಿಯಬಹುದು. ಕಡತಗಳಲ್ಲಿ ಹೆಸರಿನ ಬದಲು ಸಂಖ್ಯೆ ಇಟ್ಟರು. ಎಚ್‌ಐವಿ ಫಲಿತಾಂಶ ತಿಳಿಯಬೇಕೋ ಬೇಡವೋ ಎಂಬುದನ್ನು ಅವರವರಿಗೇ ಬಿಟ್ಟರು, ಬೇಡವೆಂದವರೂ ಇದ್ದರು. ಶಿಕಾಗೋದಲ್ಲಿ ಗೇ ಸಮುದಾಯವೇ ನಡೆಸುತ್ತಿದ್ದ ಹೊವರ್ಡ್ ಬ್ರೌನ್ ಕ್ಲಿನಿಕ್ ಜೊತೆಗೂಡಿತು. ಆ ನಂಬಿಕೆ ಇಲ್ಲದಿದ್ದರೆ ಐದು ಸಾವಿರ ಜನ ಮತ್ತೆ ಮತ್ತೆ ಬರುತ್ತಿರಲಿಲ್ಲ.

ನಾಲ್ಕು ಊರು, ನಾಲ್ಕು ಲ್ಯಾಬು. ಒಂದೇ ರಕ್ತವನ್ನು ಹಂಚಿ ನಾಲ್ಕೂ ಕಡೆ ಎಣಿಸಿ ಹೋಲಿಸುವ ಪದ್ಧತಿ ತಂದರು. ಲಾಸ್ ಏಂಜಲೀಸ್‌ನ ಜಾನಿಸ್ ಜಾರ್ಜಿ ಅವರ ಜೀವಮಾನದ ಕೆಲಸದಲ್ಲಿ ಇದು ದೊಡ್ಡ ಪಾಲು. ಇಂಥ ಕೆಲಸಕ್ಕೆ ಹೊಗಳಿಕೆ ಸಿಗುವುದು ಕಡಿಮೆ. ಆದರೆ ಇವತ್ತು ಬೀದರಿನ ಎಣಿಕೆಯನ್ನೂ ಬೆಂಗಳೂರಿನ ಎಣಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದಾದರೆ ಅದಕ್ಕೆ ಕಾರಣ ಇಂಥ ಗುಣಮಟ್ಟದ ಪರಿಪಾಠ.

ಮೊದಲ ದೊಡ್ಡ ಉತ್ತರ 1987ರ ಫೆಬ್ರವರಿಯಲ್ಲಿ ಬಂತು. ಲಾರೆನ್ಸ್ ಕಿಂಗ್ಸ್‌ಲಿ, ರೋಜರ್ ಡೆಟೆಲ್ಸ್ ಮುಂತಾದವರು ಆರಂಭದಲ್ಲಿ ಸೋಂಕಿಲ್ಲದ 2,507 ಪುರುಷರನ್ನು ಆರು ತಿಂಗಳು ನೋಡಿದರು. 95 ಮಂದಿಗೆ ಸೋಂಕು ತಗುಲಿತು. ಸೇರುವ ಮುಂಚಿನ ಆರು ತಿಂಗಳು, ಆಮೇಲಿನ ಆರು ತಿಂಗಳು, ಎರಡೂ ಅವಧಿಗಳಲ್ಲಿ ಇಬ್ಬರು ಅಥವಾ ಹೆಚ್ಚು ಸಂಗಾತಿಗಳೊಡನೆ ಗುದ ಸಂಭೋಗದಲ್ಲಿ ಸ್ವೀಕರಿಸುವವರಾಗಿದ್ದ 548 ಜನರಲ್ಲಿ 58 ಮಂದಿಗೆ, ಅಂದರೆ 10.6%. ಹನ್ನೆರಡು ತಿಂಗಳಿಂದ ಯಾವ ರೀತಿಯ ಗುದ ಸಂಭೋಗವನ್ನೂ ಮಾಡದ 220 ಜನರಲ್ಲಿ ಒಬ್ಬರಿಗೂ ಇಲ್ಲ. ಆ ಇನ್ನೂರಿಪ್ಪತ್ತು ಜನರೂ ಗೇ ಪುರುಷರೇ, ಅದೇ ಊರುಗಳಲ್ಲಿ ಬದುಕುತ್ತಿದ್ದವರೇ. 'ಯಾರು' ಎಂಬ ಪ್ರಶ್ನೆಯಿಂದ 'ಯಾವ ಕ್ರಿಯೆಯಿಂದ' ಎಂಬ ಪ್ರಶ್ನೆಗೆ ವಿಜ್ಞಾನ ಹೊರಳಿದ್ದು ಈ ಅಂಕಿಗಳಿಂದ. ಕಾರಣ ದೇಹರಚನೆಯಲ್ಲಿದೆ. ಗುದನಾಳದ ಒಳಪೊರೆ ಒಂದೇ ಸಾಲು ಕಣಗಳಷ್ಟು ತೆಳು, ಬಾಯಿಯದು ಹಲವು ಪದರ. ಆ ತೆಳುಪೊರೆಯ ಹಿಂದೆಯೇ ಸಿಡಿ4 ಕಣಗಳು ದಟ್ಟವಾಗಿ ಕೂತಿವೆ. ಕಾಂಡೋಮ್ ಬಗ್ಗೆ ಹೇಳುವಾಗ ಎಲ್ಲಿ ಒತ್ತು ಕೊಡಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು.

ಹೀಗೆ ಹಿಂಬಾಲಿಸಿದ್ದರಿಂದ ಇನ್ನೊಂದು ಲಾಭವಾಯಿತು. ಕಳೆದ ಸಲ ನೆಗೆಟಿವ್, ಈ ಸಲ ಪಾಸಿಟಿವ್ ಎಂದಾದರೆ ಸೋಂಕಿನ ದಿನ ಆರು ತಿಂಗಳ ಒಳಗೆ ಗೊತ್ತಾಯಿತು. ಅಲ್ಲಿಂದ ಗಡಿಯಾರ ಓಡಿಸಬಹುದು. ಸೋಂಕಿಗೆ ಮುಂಚೆ ಸಾವಿರದ ಆಸುಪಾಸು ಇದ್ದ ಸಿಡಿ4 ಮೊದಲ ಒಂದೂವರೆ ವರ್ಷದಲ್ಲಿ ಬೇಗ ಇಳಿದು, ಆಮೇಲೆ ವರ್ಷವರ್ಷವೂ ನಿಧಾನಕ್ಕೆ ಕರಗುತ್ತಿತ್ತು. ಚಿಕಿತ್ಸೆ ಇಲ್ಲದೆ ಏಡ್ಸ್ ಹಂತ ಮುಟ್ಟಲು ಸರಾಸರಿ ಹತ್ತು ವರ್ಷ. 1990ರಲ್ಲಿ ಜಾನ್ ಫೇರ್ ಮತ್ತು ಸಂಗಡಿಗರು 1,665 ಸೋಂಕಿತರ ದಾಖಲೆ ನೋಡಿ ನ್ಯುಮೋಸಿಸ್ಟಿಸ್ ಯಾರಿಗೆ ಬಂತೆಂದು ಲೆಕ್ಕ ಹಾಕಿದರು. ಸಿಡಿ4 200 ಅಥವಾ ಕೆಳಗೆ ಇದ್ದವರಲ್ಲಿ ಆರು ತಿಂಗಳಲ್ಲಿ 8.4%, ಒಂದು ವರ್ಷದಲ್ಲಿ 18.4% ಮಂದಿಗೆ. 200ರ ಮೇಲಿದ್ದವರಲ್ಲಿ ಆರು ತಿಂಗಳಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ. ಬಾಯಿಯಲ್ಲಿ ಬಿಳಿ ಅಗ್ರ (ಥ್ರಷ್) ಮತ್ತು ಜ್ವರ ಇದ್ದರೆ ಅಪಾಯ ಇನ್ನೂ ಹೆಚ್ಚು. ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಸಿಡಿ4 ಕಡಿಮೆ ಇದ್ದವರಿಗೆ ದಿನವೂ ಕೊಡುವ ಸೆಪ್ಟ್ರಾನ್ ಮಾತ್ರೆ ಇದೇ ತಿಳಿವಳಿಕೆಯ ಕೂಸು: ನ್ಯುಮೋನಿಯಾ ಬಂದ ಮೇಲೆ ಓಡುವುದಲ್ಲ, ಎಣಿಕೆ ನೋಡಿ ಮೊದಲೇ ತಡೆಯುವುದು.

ಸೋಂಕಿಗೆ ಮತ್ತೆ ಮತ್ತೆ ಎದುರಾಗಿಯೂ ನೆಗೆಟಿವ್ ಆಗಿಯೇ ಉಳಿದ ಕೆಲವರಿದ್ದರು. ಮೊದಮೊದಲು ಪರೀಕ್ಷೆಯೇ ತಪ್ಪಿರಬಹುದು ಎಂದುಕೊಂಡರು. ಪದೇ ಪದೇ ನೋಡಿದರೂ ವೈರಸ್ ಇಲ್ಲ. 1992ರಲ್ಲಿ ಮಾರಿಯೋ ಕ್ಲೆರಿಚಿ, ಜೀನ್ ಶಿಯರರ್ ತಂಡ ಇಂಥ ಕೆಲವರ ಟಿ ಕಣಗಳು ಎಚ್‌ಐವಿ ಚೂರುಗಳಿಗೆ ಸ್ಪಂದಿಸುತ್ತವೆ ಎಂದು ತೋರಿಸಿತು. ಪ್ರತಿಕಾಯ ಹುಟ್ಟದಿದ್ದರೂ ಕಣಗಳಿಗೆ ನೆನಪಿತ್ತು. 1996ರಲ್ಲಿ ಇನ್ನೂ ಗಟ್ಟಿಯಾದ ವಿವರಣೆ ಬಂತು. ವೈರಸ್ಸಿಗೆ ಸಿಡಿ4 ಒಂದೇ ಸಾಲದು, ಪಕ್ಕದಲ್ಲಿ ಸಿಸಿಆರ್5 ಎಂಬ ಎರಡನೇ ಚಿಲಕ ಬೇಕು. ಆ ಜೀನಿನಲ್ಲಿ 32 ಅಕ್ಷರ ಅಳಿಸಿಹೋದ ಪ್ರತಿ ತಂದೆತಾಯಿ ಇಬ್ಬರಿಂದಲೂ ಬಂದಿದ್ದರೆ ಚಿಲಕವೇ ಇರುವುದಿಲ್ಲ. ಮೈಕೆಲ್ ಡೀನ್, ಸ್ಟೀಫನ್ ಒಬ್ರಿಯೆನ್ ತಂಡ ಮ್ಯಾಕ್ಸ್ ಸೇರಿದಂತೆ ಹಲವು ಗುಂಪುಗಳ 1,955 ಜನರನ್ನು ನೋಡಿತು. ಸೋಂಕಿತ 1,343 ಜನರಲ್ಲಿ ಇಂಥವರು ಒಬ್ಬರೂ ಇಲ್ಲ, ಸೋಂಕಿಲ್ಲದ 612 ಜನರಲ್ಲಿ 17 ಮಂದಿ. ಯುರೋಪ್ ಮೂಲದವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ರಕ್ಷಣೆ ಇದೆ. ಭಾರತೀಯರಲ್ಲಿ ಬಹಳ ವಿರಳ. ಅದನ್ನು ನಂಬಿ ಕೂರುವ ಹಾಗಿಲ್ಲ. ಆದರೆ ಆ ಚಿಲಕವನ್ನು ಮುಚ್ಚುವ ಮರಾವಿರಾಕ್ ಮಾತ್ರೆ 2007ರಲ್ಲಿ ಬಂತು.

ಮ್ಯಾಕ್ಸ್‌ನ ಮಿತಿಯನ್ನೂ ಹೇಳಬೇಕು. ಮೊದಲು ಸೇರಿದವರಲ್ಲಿ ಬಹುಪಾಲು ಬಿಳಿಯರು, ಓದಿದವರು. ಕಪ್ಪು ಜನರನ್ನು ಸಾಕಷ್ಟು ಸಂಖ್ಯೆಯಲ್ಲಿ ಸೇರಿಸಿಕೊಂಡದ್ದು ತೀರಾ ತಡವಾಗಿ. ಹೆಂಗಸರಿಗಾಗಿ ಬೇರೆ ಅಧ್ಯಯನ ಶುರುವಾಗಲು 1990ರ ದಶಕದ ನಡುಭಾಗ ಬರಬೇಕಾಯಿತು. ಹಾಗಾಗಿ ಹೆಂಗಸರಲ್ಲಿ ಈ ರೋಗ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ ಹತ್ತು ವರ್ಷ ಹಿಂದೆ ಬಿತ್ತು, ಅದರ ಬೆಲೆ ತೆತ್ತವರು ಅವರೇ.

ಕೊನೆಯದಾಗಿ ಫ್ರೀಜರು. ಒಂದೇ ಸಿಡಿ4 ಇದ್ದ ಇಬ್ಬರಲ್ಲಿ ಒಬ್ಬ ಮೂರು ವರ್ಷಕ್ಕೆ ಹೋದರೆ ಇನ್ನೊಬ್ಬ ಹತ್ತು ವರ್ಷ ಆರಾಮವಾಗಿರುತ್ತಿದ್ದ. ಸಿಡಿ4 ಎಲ್ಲಿದ್ದೇವೆಂದು ಹೇಳುತ್ತಿತ್ತು, ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆಂದು ಹೇಳುತ್ತಿರಲಿಲ್ಲ. ಪಿಟ್ಸ್‌ಬರ್ಗ್‌ನ ಜಾನ್ ಮೆಲರ್ಸ್ ಹತ್ತು ವರ್ಷಕ್ಕೂ ಹಿಂದೆ ಶೇಖರಿಸಿದ ಪ್ಲಾಸ್ಮಾ ಹೊರತೆಗೆಸಿ ಅದರಲ್ಲಿ ವೈರಸ್ಸಿನ ಆರ್‌ಎನ್‌ಎ ಎಣಿಸಿದರು. ಆ ಸೀಸೆಗಳು ಫ್ರೀಜರ್ ಸೇರಿದ ದಿನ ಅಂಥ ಎಣಿಕೆಯ ವಿಧಾನವೇ ಇರಲಿಲ್ಲ. 1996ರಲ್ಲಿ 180 ಜನರ, 1997ರಲ್ಲಿ 1,604 ಜನರ ಫಲಿತಾಂಶ ಬಂತು. ಮಿಲಿಲೀಟರಿಗೆ ಆರ್‌ಎನ್‌ಎ ಪ್ರತಿಗಳು 500ಕ್ಕಿಂತ ಕಡಿಮೆ ಇದ್ದವರಲ್ಲಿ ಆರು ವರ್ಷದಲ್ಲಿ ಏಡ್ಸ್ ಮುಟ್ಟಿದವರು 5.4%. 30,000ಕ್ಕಿಂತ ಹೆಚ್ಚಿದ್ದವರಲ್ಲಿ 80%. ನಮ್ಮ ಕೇಂದ್ರಗಳ ಹಸಿರು ಪುಸ್ತಕದಲ್ಲಾಗಲಿ ಬಿಳಿ ಕಾರ್ಡಿನಲ್ಲಾಗಲಿ ಸಿಡಿ4 ಜೊತೆಗೆ ಬರೆಯುವ 'ವೈರಲ್ ಲೋಡ್' ಇದೇ. ಆ ಪ್ಲಾಸ್ಮಾ ಕೊಟ್ಟವರಲ್ಲಿ ಬಹಳ ಜನ ಫಲಿತಾಂಶ ಅಚ್ಚಾಗುವ ಹೊತ್ತಿಗೆ ಬದುಕಿರಲಿಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.